ಕೇಡಿಯ ಕೈಯ ಬೆಲ್ಲ-ನೀರು

ನನ್ನ ಸೋದರಮಾವನಷ್ಟು ದೊಡ್ಡ ದೇಶದ್ರೋಹಿ ಬಂಟ್ವಾಳದಲ್ಲಿ ಇನ್ನೊಬ್ಬ ಹುಟ್ಟಿಲ್ಲ! ದೇಶದ ಗುಟ್ಟುಗಳನ್ನು ಶತ್ರುಗಳಿಗೆ ಮಾರಿದವರು, ಗೂಢಚಾರನೊಬ್ಬನಿಗೆ ನಗುನಗುತ್ತಾ ವಿಷ ಕುಡಿಸಿದವರು. ಎಲ್ಲ ಸಿನಿಮಾದಲ್ಲಿ, ಬಿಡಿ. ಮನೆಯಲ್ಲಿ ಜಿರಲೆ ಕಂಡರೆ ಮಂಚ ಹತ್ತುತ್ತಿದ್ದರು.

ಮದ್ರಾಸಿನಲ್ಲಿ ವರ್ಷಗಟ್ಟಲೆ ಹೆಣವಾಗಿ, ಕಾರಿನ ಡ್ರೈವರಾಗಿ, ಮತ್ತೆ ಹೆಣವಾಗಿ ನಟಿಸಿದ ಮೇಲೆ ಆ ಪತ್ತೇದಾರಿ ಚಿತ್ರದಲ್ಲಿ ಅವರಿಗೆ ಕೇಡಿಯ ಪಾತ್ರ ಸಿಕ್ಕಿತು. ಚಿತ್ರೀಕರಣಕ್ಕೆ ಮುಂಚೆ ಊರಿಗೆ ಬಂದು, ಬಾವಿಕಟ್ಟೆಯ ಬಳಿ ನಿಂತು ಕೇಡಿಯ ನಗು ಅಭ್ಯಾಸ ಮಾಡಿದರು. ನಗು ಕರಗತವಾಯಿತು, ನಮ್ಮ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು.

ಚಿತ್ರ ಮುಗಿಸಿ ಮಾವ ಊರಿಗೆ ಮರಳಿದರು. ಹಿಂದೆಯೇ ಚಿತ್ರವೂ ಮೂಡಬಿದಿರೆಯ ಟೆಂಟಿಗೆ ಬಂತು. ಶುರುವಾಯಿತು ನೋಡಿ ಗ್ರಹಚಾರ! ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ-ನೀರು. ಅದನ್ನು ತಾನೇ ಕೊಡಬೇಕೆಂಬುದು ಮಾವನ ಹಟ. ಸಿನಿಮಾದಲ್ಲಿ ವಿಷದ ಶರಬತ್ತು ಕೊಡುವಾಗಲೂ, ಪಾಪ, ಅದೇ ಅಭ್ಯಾಸಬಲದಿಂದ ತಲೆ ಬಾಗಿಸಿ, "ಬಿಸಿಲಲ್ಲಿ ಬಂದಿದ್ದೀರಿ, ಕುಡಿಯಿರಿ" ಎಂದಿದ್ದರು. ಅದೇ ಮಾತು, ಅದೇ ಕೈ ನಮ್ಮ ಜಗಲಿಯಲ್ಲೂ ಎದುರಾದರೆ ಯಾರ ಗಂಟಲಲ್ಲಿ ನೀರು ಇಳಿದೀತು?

ನೆರೆಮನೆಯ ಮಾಸ್ತರರು ಬೆಲ್ಲವನ್ನು ಜುಬ್ಬದ ಜೇಬಿಗೆ ಹಾಕಿಕೊಂಡು, ನೀರನ್ನು ಮೆಲ್ಲನೆ ದಾಸವಾಳದ ಬುಡಕ್ಕೆ ಚೆಲ್ಲುತ್ತಿದ್ದರು. ಉಳಿದವರು, "ಬಾಯಾರಿಕೆ ಇಲ್ಲ ಮಾರಾಯ್ರೆ!" ಎನ್ನುತ್ತಿದ್ದರು. ನಡು ಮಧ್ಯಾಹ್ನ, ಮೈಯೆಲ್ಲ ಬೆವರು! ಆ ವರ್ಷ ದಾಸವಾಳ ಹೂ ಬಿಟ್ಟದ್ದೇ ಬಿಟ್ಟದ್ದು.

ಬೆಳ್ತಂಗಡಿಯ ಬಸ್ಸಿನಲ್ಲಿ ಜನ ನೇತಾಡಿದರೂ ಮಾವನ ಪಕ್ಕದ ಸೀಟು ಮಾತ್ರ ಖಾಲಿ. "ಒಳ್ಳೆಯದೇ ಆಯ್ತು, ಆರಾಮವಾಗಿ ಕೂತ್ಕೊಳ್ಬಹುದು" ಎಂದು ನಗುತ್ತಿದ್ದರು. ಆದರೆ ಬಂದವರು ಹೋದ ಮೇಲೆ ತುಂಬಿದ ಲೋಟ ಒಳಗೆ ತರುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಜನ್ಮದಲ್ಲಿ ಸಿನಿಮಾ ನೋಡದ ಅಜ್ಜಿ, ಎಂದರೆ ಮಾವನ ತಾಯಿ, ಒಂದು ದಿನ ಸೆರಗು ಸಿಕ್ಕಿಸಿ ಎದ್ದರು. "ನನ್ನ ಮಗನ ಕೈಯ ನೀರು ಕುಡಿಯದ ಹಾಗೆ ಆ ಸಿನಿಮಾದಲ್ಲಿ ಎಂಥ ಉಂಟು? ನಡೀರಿ, ಮೂಡಬಿದಿರೆಗೆ ಹೋಗುವ!"

ಟೆಂಟಿನಲ್ಲಿ ಮಾವ ಗುರುತು ಸಿಗದಿರಲೆಂದು ಹೆಗಲ ಬೈರಾಸನ್ನು ತಲೆಗೆ ಸುತ್ತಿ ಅಜ್ಜಿಯ ಪಕ್ಕ ಮುದುಡಿ ಕೂತರು. ಶರಬತ್ತಿನ ದೃಶ್ಯ ಬಂದದ್ದೇ ಅಜ್ಜಿ ತಿರುಗಿ ಆ ಬೈರಾಸಿನ ಮೇಲೊಂದು ಮೊಟಕಿದರು. "ಮನೆಗೆ ಬಂದವರಿಗೆ ಹೀಗೆ ಮಾಡುವುದಾ?"

ಕೊನೆಗೆ ಪರದೆಯ ಮೇಲಿನ ಮಾವ ಗುಂಡೇಟು ತಿಂದು ಹೊರಳಾಡುತ್ತಾ, "ನೀರು... ನೀರು..." ಎಂದರು. ಟೆಂಟಿಡೀ ಶಿಳ್ಳೆ, ಚಪ್ಪಾಳೆ!

ಅಜ್ಜಿ ಎದ್ದು ನಿಂತರು. "ಶಿಳ್ಳೆ ಹಾಕ್ತೀರಲ್ಲ, ನಿಮಗೆ ಕರುಳು ಉಂಟಾ? ನನ್ನ ಮಗ ನೀರು ಕೇಳ್ತಿದ್ದಾನೆ, ಯಾರಾದ್ರೂ ಕೊಡಿ!"

ಶಿಳ್ಳೆ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. "ಅಮ್ಮ, ನಾನು ಇಲ್ಲೇ ಇದ್ದೇನೆ" ಎಂದು ಮಾವ ಅವರ ಕೈ ಹಿಡಿದು ಕೂರಿಸಿದರು. ಚಿತ್ರವನ್ನು ಮತ್ತೊಮ್ಮೆ ನೋಡಲು ಬಂದಿದ್ದ ನಮ್ಮ ಮಾಸ್ತರರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿದ್ದರು.

ಮರುದಿನ ಮಾಸ್ತರರು ನಮ್ಮ ಜಗಲಿಗೆ ಬಂದು ಕೂತರು. "ಬಾಯಾರಿಕೆ ಆಗ್ತದೆ. ನೀರು ನೀವೇ ಕೊಡಬೇಕು" ಎಂದರು ಮಾವನಿಗೆ. ಬೆಲ್ಲ ಕಚ್ಚಿ, ಗಟಗಟನೆ ಲೋಟ ಬರಿದು ಮಾಡಿ, "ಇನ್ನೊಂದು ಲೋಟ ಉಂಟಾ?" ಎಂದು ಕೇಳಿದರು.

ತರಲು ಹೋದ ಮಾವ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದೆ. ಕೇಡಿಯ ನಗು ಕಲಿತ ಅದೇ ಬಾವಿಕಟ್ಟೆಗೆ ಒರಗಿ, ಖಾಲಿ ಲೋಟವನ್ನು ಎದೆಗೆ ಒತ್ತಿಕೊಂಡು ನನ್ನ ಮಾವ ಅಳುತ್ತಿದ್ದರು.