ಅತ್ತೆಯ ತಲೆಸ್ನಾನಕ್ಕೊಂದು ಪಂಪು

ಹೊಸ ಪಂಪು ಸುಟ್ಟುಹೋಗಬಹುದಿತ್ತು. ಸುಡದೆ ಸೋರಬಹುದಿತ್ತು. ಸೋರದಿದ್ದರೂ ಎದುರುಮನೆಯವರು ಬಂದು ವಿಚಾರಿಸುವಷ್ಟು ಸದ್ದು ಮಾಡಬಹುದಿತ್ತು. ಅದರ ರಭಸಕ್ಕೆ ಗೀಸರಿನ ಜಾಯಿಂಟು ಕಿತ್ತು ಬರಬಹುದಿತ್ತು. ಶವರಿನ ಜಾಲರಿ ಹಾರಿ ಅತ್ತೆಯ ನೆತ್ತಿಗೆ ಬಡಿದು, ಭುಜದ ಡಾಕ್ಟರ ಜೊತೆಗೆ ತಲೆಯ ಡಾಕ್ಟರನ್ನೂ ಹುಡುಕಬೇಕಾಗಬಹುದಿತ್ತು. ಪ್ಲಂಬರ್ ಬರದೇ ಇರಬಹುದಿತ್ತು. ಬಂದರೂ ಪೈಪನ್ನೆಲ್ಲ ಬಿಚ್ಚಿಟ್ಟು, 'ಒಂದ್ ಐದ್ ನಿಮಿಷ ಬಂದೆ ಸಾರ್' ಎಂದು ಹೋದವನು ಯುಗಾದಿಗೆ ಮುಖ ತೋರಿಸಬಹುದಿತ್ತು. ಅಂಗಡಿಯವರು ವಾರಂಟಿ ಕಾರ್ಡಿಗೆ ಮುದ್ರೆ ಒತ್ತುವುದನ್ನು ಮರೆತಿರಬಹುದಿತ್ತು. ಹೀಗೆ ಹದಿನೇಳು ಅಪಾಯಗಳನ್ನು ನಾನು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ, ಅಂಕಿ ಹಾಕಿ, ಬರೆದಿಟ್ಟಿದ್ದೆ. ನಡೆದದ್ದು ಹದಿನೆಂಟನೆಯದು.

ಚಿಂತೆ ನನ್ನ ಉಪಕಸುಬು. ಮುಖ್ಯ ಕಸುಬು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವುದು. ಬಸ್ಸಿಗೆ ಒಂದು ಗಂಟೆ ಮೊದಲೇ ಹೋಗಿ ನಿಂತು, ಅದಕ್ಕೂ ಹಿಂದಿನ ಬಸ್ಸು ತಪ್ಪಿತಲ್ಲ ಎಂದು ಕೊರಗುವ ಜಾತಿಯವನು ನಾನು. ಇಪ್ಪತ್ತಾರು ವರ್ಷದಿಂದ ಒಂಬತ್ತನೇ ತರಗತಿಯ ಮಕ್ಕಳಿಗೆ ದ್ರವದ ಒತ್ತಡದ ಪಾಠ ಮಾಡಿದ್ದೇನೆ. ನೀರಿನ ಮಟ್ಟ ಎತ್ತರವಿದ್ದಷ್ಟೂ ಒತ್ತಡ ಹೆಚ್ಚು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಆದರೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಮನೆ ಕಟ್ಟಿಸುವಾಗ, ಎತ್ತರದಲ್ಲಿಟ್ಟರೆ ಗಾಳಿಗೆ ಬಿದ್ದೀತು ಎಂದು ಹೆದರಿ, ಟ್ಯಾಂಕನ್ನು ಮಾಳಿಗೆಯ ನೆಲಕ್ಕೇ ಕೂರಿಸಿದವನೂ ನಾನೇ. ಪರಿಣಾಮವಾಗಿ ನಮ್ಮ ಶವರಿನಿಂದ ನೀರು ಸುರಿಯುತ್ತಿರಲಿಲ್ಲ, ಯೋಚನೆ ಮಾಡಿ ಮಾಡಿ ಇಳಿಯುತ್ತಿತ್ತು. ನನ್ನ ಹೆಂಡತಿ ಗಿರಿಜಾ ನಾಲ್ಕು ವರ್ಷ ಸಹಿಸಿ, ಐದನೆಯ ವರ್ಷ ಟ್ಯಾಂಕಿನ ಪಕ್ಕ ಒಂದು ಪಂಪು ಹಾಕಿಸಿದಳು. ಬಚ್ಚಲುಮನೆಯಲ್ಲಿ ಸ್ವಿಚ್ಚು ಒತ್ತಿದರೆ ಮೇಲೆ ಪಂಪು ಓಡುತ್ತದೆ, ಕೆಳಗೆ ಸುರಿಯುತ್ತದೆ. ಅಷ್ಟೇ.

ಆ ಶವರಿಗೆ ನಿಜವಾದ ಗಿರಾಕಿ ಸಿಕ್ಕಿದ್ದು ಈ ವರ್ಷ. ನನ್ನ ಸೋದರತ್ತೆ ಹರಿಹರದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅವರ ಬಲಭುಜ ಹಿಡಿದುಕೊಂಡು, ಕೈ ಎದೆಮಟ್ಟಕ್ಕಿಂತ ಮೇಲೆ ಹೋಗದಂತಾಯಿತು. ದಾವಣಗೆರೆಯ ಡಾಕ್ಟರು ಮೂರು ವಾರ ದಿನವೂ ಬಂದು ವ್ಯಾಯಾಮ ಮಾಡಬೇಕೆಂದರು. ನಡುವೆ ಬಿಟ್ಟರೆ ಕೀಲು ಮತ್ತೆ ಬಿಗಿಯುತ್ತದೆ ಎಂದು ಎಚ್ಚರಿಸಿದರು. ಅತ್ತೆ ನಮ್ಮ ಮನೆಗೆ ಬಂದಿಳಿದರು. ತೋಳಿನ ನೋವಿಗಿಂತ ಅವರನ್ನು ಕಾಡುತ್ತಿದ್ದದ್ದು ತಲೆಸ್ನಾನ. ತಂಬಿಗೆ ಎತ್ತಿ ತಲೆಗೆ ಸುರಿದುಕೊಳ್ಳಲು ಆಗುತ್ತಿರಲಿಲ್ಲ. ನಾನು ಹಾಕುತ್ತೇನೆ ಎಂದ ಸೊಸೆಗೆ, "ಇನ್ನೊಬ್ರ ಕೈಲಿ ನೀರು ಹಾಕಿಸ್ಕೊಳ್ಳಾಕೆ ನಾನೇನು ಬಾಣಂತೀನಾ?" ಎಂದಿದ್ದರಂತೆ. ನಮ್ಮ ಶವರಿನ ಕೆಳಗೆ ನಿಂತ ಮೊದಲ ದಿನ ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದವರು, "ಕೈ ಎತ್ತದಂಗೆ ತಲಿ ತೊಯ್ತು ನೋಡೋ ಮಂಜಾ. ಇದಪ್ಪಾ ಮರ್ಯಾದಿ ಅಂದ್ರೆ" ಎಂದರು.

ಐದನೆಯ ದಿನ ಪಂಪು ಒಮ್ಮೆ ಕಿರ್ರೆಂದು ಕೂಗಿ, ಸುಟ್ಟ ವಾಸನೆ ಬಿಟ್ಟು, ನಿಂತಿತು. ಅತ್ತೆ ಆ ಮಧ್ಯಾಹ್ನವೇ ಚೀಲ ಕಟ್ಟಿದರು. "ಪಂಪ್ ಹಾಕಿಸಿದ ದಿನ ಫೋನ್ ಮಾಡು. ಅಲ್ಲೀತನಕ ನನ್ನ ತೋಳು ಹೆಂಗೈತೋ ಹಂಗಿರ್ಲಿ." ಅಂದರೆ ಒಂದು ಹೆಂಗಸಿನ ಬಲಗೈ ಮೇಲೇಳುವುದೂ ಏಳದಿರುವುದೂ ನಾನು ಪಂಪು ಆರಿಸುವುದರ ಮೇಲೆ ನಿಂತಿತು. ಸೀರೆ ಆರಿಸುವಾಗಲೇ ಬೆವರುವವನು ನಾನು.

ಮಂಡಿಪೇಟೆಯ ಅಂಗಡಿಗೆ ಹೋದೆ. ಎದೆ ಸೆಟೆಸಿ, "ಒಂದು ಎಚ್‌ಪಿ ಕೊಡಿ" ಎಂದೆ. ಅಂಗಡಿಯವರು ನನ್ನನ್ನೂ, ಜೇಬಿನಲ್ಲಿದ್ದ ಕೆಂಪು ಪೆನ್ನನ್ನೂ ನೋಡಿದರು.

"ಎಷ್ಟು ಅಂತಸ್ತು ಐತ್ರಿ ಮನಿ?"

"ಒಂದೇ."

"ಎಷ್ಟು ಶವರು?"

"ಒಂದೇ."

"ಮತ್ತೆ ಒಂದು ಎಚ್‌ಪಿ ಯಾಕ್ರಿ ಮೇಷ್ಟ್ರೇ? ಬೆಂಕಿ ಆರಿಸೋ ಗಾಡಿ ಏನಾರ ಇಟ್ಟೀರೇನು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ದೊಡ್ಡದಿದ್ದರೆ ಸುರಕ್ಷಿತ ಎಂದುಕೊಂಡೆ ಎಂದು ಗೊಣಗಿದೆ. "ಸುರಕ್ಷಿತ ಎಲ್ಲಿ ಬಂತ್ರಿ? ಗೀಸರ್ ಜಾಯಿಂಟ್ ಕಿತ್ಕೊಂಡು ಬರ್ತೈತೆ" ಎಂದರು. (ನನ್ನ ಪಟ್ಟಿಯ ನಾಲ್ಕನೆಯದು ಬಂದದ್ದು ಇಲ್ಲಿಂದ.) "ಅರ್ಧ ಎಚ್‌ಪಿನೂ ನಿಮಗೆ ಜಾಸ್ತೀನೇ. ಅದಿರ್ಲಿ, ಹಳೇದು ಯಾಕ ಹೋಯ್ತು? ಅದು ತಿಳೀದೆ ಹೊಸಾದು ಒಯ್ದ್ರೆ ಬರೋ ವರ್ಷ ಮತ್ತೆ ಬರ್ತೀರಿ. ನನಗೇನು, ಖುಷೀನೇ."

ವ್ಯಾಪಾರಿಯೊಬ್ಬ ಬಂದ ಗಿರಾಕಿಯನ್ನು ವಾಪಸ್ಸು ಕಳಿಸಿದಾಗ ಸುಮ್ಮನೆ ನಂಬಬೇಕು. ಮರುದಿನ ಸತ್ತ ಪಂಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ಅತ್ತೆಯ ಎದುರುಮನೆಯ ಹಾಲಪ್ಪನವರು ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಟರ್ನರ್ ಆಗಿದ್ದವರು. ಕಬ್ಬಿಣದ್ದೇನೇ ಇದ್ದರೂ ಮೂಸಿ ನೋಡಿ ರೋಗ ಹೇಳುತ್ತಾರೆಂದು ಅತ್ತೆ ಹೊಗಳುತ್ತಿದ್ದರು. ದಾರಿಯುದ್ದಕ್ಕೂ ಚೀಲದಿಂದ ಪಂಪಿನ ವೈರು ಹೊರಗೆ ಇಣುಕುತ್ತಿತ್ತು. ಪಕ್ಕದವರು ತಪ್ಪು ತಿಳಿದಾರು ಎಂದು ಒಳಗೆ ತುರುಕಿದೆ. ತುರುಕಿದ್ದನ್ನು ನೋಡಿ ಇನ್ನೂ ತಪ್ಪು ತಿಳಿದಾರು ಎಂದು ಹೊರಗೆಳೆದೆ. ಹರಿಹರ ಬರುವ ಹೊತ್ತಿಗೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗಿ ಕೂತಿದ್ದರು.

ಹಾಲಪ್ಪನವರು ಜಗುಲಿಯ ಮೇಲೆ ಹಳೆಯ ಪೇಪರು ಹಾಸಿ, ನಾಲ್ಕು ಬೋಲ್ಟು ಬಿಚ್ಚಿ, ಒಂದೊಂದನ್ನೂ ಚಹಾದ ಬಸಿಯಲ್ಲಿಟ್ಟರು. ಅತ್ತೆ ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಹಿಡಿದುಕೊಂಡು ಪಕ್ಕದಲ್ಲೇ ಕೂತರು. ಒಳಗಿನ ರಬ್ಬರಿನ ಸೀಲನ್ನು ಎತ್ತಿ ಹಿಡಿದು ಹಾಲಪ್ಪನವರು, "ಸುಟ್ಟ ಹೋಳಿಗಿ ಆಗೈತೆ ನೋಡ್ರಿ. ನೀರಿಲ್ದಂಗ ಓಡೈತೆ ಇದು" ಎಂದರು.

ನನಗೆ ಅವಮಾನವಾಯಿತು. "ಸಾಧ್ಯವೇ ಇಲ್ಲ. ನಮ್ಮ ಟ್ಯಾಂಕು ಒಂದು ದಿನವೂ ಖಾಲಿಯಾಗಿಲ್ಲ. ದಿನಕ್ಕೆ ಎರಡು ಸಲ ನಾನೇ ಮಾಳಿಗೆ ಹತ್ತಿ ಬಚ್ಚಲಿನ ಪೈಪಿನ ವಾಲ್ವು ಬಂದ್ ಮಾಡ್ತೀನಲ್ಲ!" ಎಂದೆ, ಹೆಮ್ಮೆಯಿಂದ.

ಹಾಲಪ್ಪನವರು ಸೀಲನ್ನು ಮೆಲ್ಲಗೆ ಬಸಿಯಲ್ಲಿಟ್ಟರು.

ವಿವರಿಸಲೇಬೇಕಾಯಿತು. ನಮ್ಮ ಬಡಾವಣೆಗೆ ನಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಒಮ್ಮೊಮ್ಮೆ ನಾಲ್ಕು. ಹಿಂದೊಮ್ಮೆ ಬಚ್ಚಲಿನ ನಲ್ಲಿ ತೊಟ್ಟಿಕ್ಕಿ ತೊಟ್ಟಿಕ್ಕಿ ಟ್ಯಾಂಕು ಬರಿದಾಗಿ, ಎರಡು ದಿನ ಪಕ್ಕದ ಮನೆಯಿಂದ ಬಿಂದಿಗೆ ಹೊತ್ತಿದ್ದೆವು. ಅಂದಿನಿಂದ ಶಾಲೆಗೆ ಹೊರಡುವಾಗ, ಸಂಜೆ ತರಕಾರಿಗೆ ಹೊರಡುವಾಗ, ಯಾರಿಗೂ ಹೇಳದೆ ಮೇಲೆ ಹೋಗಿ ವಾಲ್ವು ತಿರುವಿ ಬರುತ್ತಿದ್ದೆ; ಮನೆಗೆ ಬಂದ ಕೂಡಲೇ ತೆರೆಯುತ್ತಿದ್ದೆ. ಹೇಳಿದರೆ ಗಿರಿಜಾ ನಗುತ್ತಾಳೆಂದು ಹೇಳಿರಲಿಲ್ಲ. ಅಡುಗೆಮನೆಯ ಪೈಪು ಬೇರೆ, ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ಉಳಿದದ್ದು ಅಲ್ಲಿಂದಲೇ ಅವಳಿಗೆ ಫೋನು ಮಾಡಿ ಕೇಳಿದಾಗ ತಿಳಿಯಿತು: ನಾನಿಲ್ಲದಾಗ ಅವಳು ಶವರಿನ ಸ್ವಿಚ್ಚು ಒತ್ತಿ, ನೀರು ಬರದಿದ್ದರೆ, ಪೈಪಿನಲ್ಲಿ ಗಾಳಿ ಕಟ್ಟಿರಬೇಕೆಂದು ಪಂಪನ್ನು ಓಡಲು ಬಿಟ್ಟು ಚಹಾಕ್ಕಿಡುತ್ತಿದ್ದಳಂತೆ. ಅಷ್ಟರಲ್ಲಿ ನಾನು ಬಂದು ವಾಲ್ವು ತೆರೆಯುತ್ತಿದ್ದೆ, ನೀರು ಬರುತ್ತಿತ್ತು, ಗಾಳಿ ಹೋಯಿತು ಎಂದು ಅವಳು ಸಮಾಧಾನಪಡುತ್ತಿದ್ದಳು. ಹೀಗೆ ಗಂಡ ಹೆಂಡತಿ ಸೇರಿ ಒಂದು ಪಂಪನ್ನು ಮೂರು ವರ್ಷ ನಿಧಾನವಾಗಿ ಹುರಿದಿದ್ದೆವು.

"ಅಂದ್ರೆ ಕೊಂದೋನು ನೀನೇ," ಎಂದರು ಅತ್ತೆ. "ನನ್ನ ಕೈ ಏಳವಲ್ದು ಅಂತ ಡಾಕ್ಟ್ರ ಹತ್ರ ಕರ್ಕೊಂಡು ಹೋದಿ. ನಿನ್ನ ಕೈ ಸುಮ್ನಿರವಲ್ದಲ್ಲೋ, ಅದಕ್ಕೆ ಯಾವ ಡಾಕ್ಟ್ರು?"

ಹಾಲಪ್ಪನವರು ಚೀಟಿ ಬರೆದುಕೊಟ್ಟರು: ಅರ್ಧ ಎಚ್‌ಪಿ ಒಳಗಿನದು, ನೀರು ನಿಂತರೆ ತಾನೇ ನಿಲ್ಲುವಂಥದ್ದು. "ಇಷ್ಟು ಸಾಕ್ರಿ. ಮತ್ತೆ ಮಾಳಿಗಿ ಹತ್ಬ್ಯಾಡ್ರಿ."

ಮಂಡಿಪೇಟೆಯವರು ಚೀಟಿ ನೋಡಿ, "ಯಾರೋ ತಿಳಿದೋರು ಬರ್ದಾರೆ" ಎಂದು ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ವಾರಂಟಿ ಕಾರ್ಡಿಗೆ ಮುದ್ರೆ ಒತ್ತಿದರು. ಪ್ಲಂಬರ್ ಹತ್ತಕ್ಕೆ ಬರುತ್ತೇನೆಂದವನು ಒಂಬತ್ತೂ ಮುಕ್ಕಾಲಿಗೇ ಬಂದ, ಮಧ್ಯಾಹ್ನದೊಳಗೆ ಮುಗಿಸಿದ. ಪಂಪು ಬೆಕ್ಕಿನಂತೆ ಗುರುಗುಟ್ಟಿತು, ಅಷ್ಟೇ. ಗಿರಿಜಾ ಫೋನು ಮಾಡಿದಳು. ಭಾನುವಾರ ಬೆಳಿಗ್ಗೆ ಅತ್ತೆ ಬಂದು, ಚೀಲ ಇಳಿಸಿ, ಸೀಗೆಪುಡಿ ಹಿಡಿದು ನೇರವಾಗಿ ಬಚ್ಚಲಿಗೆ ಹೋದರು.

ನಾನು ಹಾಜರಿ ಪುಸ್ತಕ ಹಿಡಿದು ಹೊರಗೆ ನಿಂತೆ. ನೀರು ಸುರಿಯುವ ಸದ್ದು, ಅತ್ತೆಯ ಗುನುಗು. ಒಂದರಿಂದ ಹದಿನೇಳರವರೆಗೆ ಯಾವುದೂ ನಡೆಯಲಿಲ್ಲ. ಇಷ್ಟು ಚೆನ್ನಾಗಿ ನಡೆಯುತ್ತಿರುವುದೇ ನನಗೆ ಅನುಮಾನ ತಂದಿತು. ಪಂಪು ಬಿಸಿಯಾಗಿದೆಯೇನೋ ಎಂದು ಮೇಲೆ ಹೋಗಿ ಮುಟ್ಟಿ ನೋಡಿದೆ; ತಣ್ಣಗಿತ್ತು. ಟ್ಯಾಂಕಿನೊಳಗೆ ಇಣುಕಿದೆ, ತುಂಬಿತ್ತು. ನೆಮ್ಮದಿಯಿಂದ ಮೆಟ್ಟಿಲಿಳಿಯುತ್ತಿದ್ದಾಗ ಕೆಳಗಿನಿಂದ ಅತ್ತೆಯ ಕೂಗು.

"ಮಂಜಾ! ನೀರು ನಿಂತೈತೆ! ಸೀಗಿಪುಡಿ ಕಣ್ಣಾಗ ಇಳೀತೈತೋ!"

ಗಾಬರಿಯಲ್ಲಿ ಹಾಲಪ್ಪನವರಿಗೆ ಫೋನು ಹಚ್ಚಿದೆ. ಪಂಪು ಸುಟ್ಟಿಲ್ಲ, ಸೋರಿಲ್ಲ, ಕರೆಂಟಿದೆ, ಟ್ಯಾಂಕಿನಲ್ಲಿ ನೀರಿದೆ, ಆದರೂ ನಿಂತಿದೆ ಎಂದು ಒಂದೇ ಉಸಿರಿನಲ್ಲಿ ಪಟ್ಟಿ ಓದಿದೆ. ಅವರು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು.

"ಮೇಷ್ಟ್ರೇ, ಈಗ ನೀವು ಮಾಳಿಗಿ ಮ್ಯಾಲೆ ಹೋಗಿದ್ರೇನು?"

ನನ್ನ ಬಲಗೈ ನೋಡಿಕೊಂಡೆ. ಅಂಗೈಯಲ್ಲಿ ವಾಲ್ವಿನ ಹಿಡಿಯ ತುಕ್ಕು ಅಂಟಿತ್ತು.

ಓಡಿಹೋಗಿ ತೆರೆದೆ. ಪಂಪು ಏನೂ ಆಗಿಲ್ಲವೆಂಬಂತೆ ಮತ್ತೆ ಗುರುಗುಟ್ಟಿತು. ತಲೆಗೆ ಟವೆಲು ಸುತ್ತಿ, ಕೆಂಪು ಕಣ್ಣು ಮಾಡಿಕೊಂಡು ಹೊರಗೆ ಬಂದ ಅತ್ತೆ, ಗಿರಿಜಾಳ ಕೈಗೆ ಸ್ಪ್ಯಾನರ್ ಕೊಟ್ಟು ವಾಲ್ವಿನ ಹಿಡಿಯನ್ನೇ ಬಿಚ್ಚಿಸಿ ತರಿಸಿದರು. ಮೂರು ವಾರದ ವ್ಯಾಯಾಮ ಮುಗಿಸಿ ಹರಿಹರಕ್ಕೆ ಹೋಗುವಾಗ ಅದು ಅವರ ಚೀಲದಲ್ಲಿ, ಮಾತ್ರೆಗಳ ಜೊತೆ ಹೋಯಿತು.

ಅದು ಕಳೆದುಹೋದರೆ ಗತಿಯೇನು ಎಂದು ಇವತ್ತು ಬೆಳಿಗ್ಗೆ ಫೋನು ಮಾಡಿ ವಿಚಾರಿಸಿದೆ.

"ಕಳೆದಿಲ್ಲ ಬಿಡೋ," ಎಂದರು ಅತ್ತೆ. "ಅಡಿಗಿಮನಿ ಮ್ಯಾಲಿನ ಹಲಗಿ ಮ್ಯಾಲೆ, ಡಬ್ಬಿ ಹಿಂದೆ ಇಟ್ಟೀನಿ. ಬಲಗೈಲೇ ಇಟ್ಟೀನಿ."

ಅಷ್ಟು ಎತ್ತರದಿಂದ ಯಾರ ತಲೆಯ ಮೇಲಾದರೂ ಬಿದ್ದರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ.