ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ವಿಮಾ ಕಂಪೆನಿ

ದೊಡ್ಡ ಅಂಕ ಕಂಡರೆ ಭಕ್ತಿ ಹುಟ್ಟುವ ಕಾಯಿಲೆ ನನಗೆ ಚಿಕ್ಕಂದಿನಿಂದ ಉಂಟು. ತಪ್ಪು ನಾನು ಕಲಿತ ಕಾನ್ವೆಂಟಿನದ್ದು. ತಿಂಗಳಿಗೊಮ್ಮೆ ಹೆಡ್ ಸಿಸ್ಟರ್ ತರಗತಿಗೆ ಬಂದು ಪ್ರೋಗ್ರೆಸ್ ಕಾರ್ಡು ಹಂಚುತ್ತಿದ್ದರು. ಹೆಚ್ಚು ಅಂಕದವಳಿಗೆ ಮೊದಲು, ಕಡಿಮೆ ಅಂಕದವಳಿಗೆ ಕೊನೆಗೆ. ನಾನು ನಡುವೆ ಎಲ್ಲೋ ಎದ್ದುಹೋಗಿ, 'ಅಕ್ಷರ ಅಂದವಾಗಿದೆ' ಎಂಬ ಒಂದೇ ಒಂದು ಷರಾ ಹೊತ್ತುಕೊಂಡು ಬರುತ್ತಿದ್ದೆ. ಈಗಲೂ ಕುಕ್ಕರು ನಾಲ್ಕು ಸೀಟಿ ಹೊಡೆದರೆ ಮೂರಕ್ಕಿಂತ ಅದೇ ಮೇಲು ಎಂದು ನನ್ನ ಮನಸ್ಸು ಹೇಳುತ್ತದೆ. ನಮ್ಮ ಮನೆಯಲ್ಲಿ ಅನ್ನಕ್ಕೂ ಗಂಜಿಗೂ ಹೆಚ್ಚು ವ್ಯತ್ಯಾಸ ಇಲ್ಲದಿರುವುದು ಹೀಗೆ.

ಮೊನ್ನೆ ನನ್ನ ಯಜಮಾನರು ನಿವೃತ್ತರಾದರು. ಆಫೀಸಿನ ಆರೋಗ್ಯ ವಿಮೆ ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಅವರಿಗೆ ಬಿಪಿ ಉಂಟು. ಮೆಟ್ಟಿಲು ಹತ್ತುವಾಗ ಒಂದು ಮಂಡಿ ಟಕ್ ಟಕ್ ಎನ್ನುತ್ತದೆ, ದೇವರಮನೆಯಲ್ಲಿ ಕುಳಿತೇ ಅವರು ಎಷ್ಟನೇ ಮೆಟ್ಟಿಲಿನಲ್ಲಿದ್ದಾರೆ ಎಂದು ನಾನು ಹೇಳಬಲ್ಲೆ. ಹೊಸ ವಿಮೆ ಬೇಕೇ ಬೇಕು. ತಪ್ಪು ಕಂಪೆನಿ ಹಿಡಿದರೆ ಆಸ್ಪತ್ರೆಯ ಮಂಚದಲ್ಲಿ ಮಲಗಿ ಜಗಳವಾಡಬೇಕಾಗುತ್ತದೆ. ಮಣಿಪಾಲದ ಓರಗಿತ್ತಿ ಒಂದು ಕಂಪೆನಿ ಹೇಳಿದಳು, ಅದರ ಏಜೆಂಟ್ ಬಹಳ ವಿನಯವಂತನಂತೆ. ಕಾರ್ಕಳದ ಭಾವ ಇನ್ನೊಂದು ಹೇಳಿದರು, ಅವರು ಕೊಡುವ ಕ್ಯಾಲೆಂಡರಿನಲ್ಲಿ ಏಕಾದಶಿ ದಪ್ಪ ಅಕ್ಷರದಲ್ಲಿ ಇರುತ್ತದಂತೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, ನಿನಗೆ ಇಂಗ್ಲಿಷ್ ಬರ್ತದಲ್ಲ, ನೀನೇ ನೋಡು ಎಂದು ಬಿಟ್ಟರು.

ಆಗ ಗೊತ್ತಾದದ್ದು, ಯಾವ ವಿಮಾ ಕಂಪೆನಿ ಗಿರಾಕಿಗಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ಹೋಲಿಸಿ ನೋಡಲು ಸರಕಾರದ ಕಡೆಯಿಂದಲೇ ಒಂದು ವರದಿ ಬರುತ್ತದೆ, ಯಾರು ಬೇಕಾದರೂ ಓದಬಹುದು. ಅಂದರೆ ಕಂಪೆನಿಗಳ ಪ್ರೋಗ್ರೆಸ್ ಕಾರ್ಡು. ನನ್ನ ಸಂತೋಷ ಕೇಳಬೇಕೇ? ಮೊಬೈಲಿನಲ್ಲಿ ಹುಡುಕಿ, ಹೆಸರು ಮತ್ತು ಅಂಕ ಇದ್ದ ಒಂದೇ ಪುಟವನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದೆ. ಜಗಲಿಯಲ್ಲಿ ಕುಳಿತು, ಸ್ಕೇಲು ಇಟ್ಟು ಗೆರೆ ಎಳೆದು, ಎಲ್ಲಕ್ಕಿಂತ ದೊಡ್ಡ ಅಂಕದ ಕಂಪೆನಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ. ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಬರೆದೆ. ಸಂಜೆ ನಾಲ್ಕಕ್ಕೆ ಆ ಕಂಪೆನಿಯ ಏಜೆಂಟ್ ಸಹಿ ಹಾಕಿಸಿಕೊಳ್ಳಲು ಬರುವುದು ಎಂದೂ ನಿಶ್ಚಯವಾಯಿತು.

ಹನ್ನೊಂದು ಗಂಟೆಗೆ ಗಿರಿಜಕ್ಕ ಬಂದರು. ಎರ್ಮಾಳಿನವರು, ನಮ್ಮ ಅಂಬಲಪಾಡಿಯ ಬೀದಿಗೆ ವರ್ಷಗಳಿಂದ ಮೀನು ತರುವವರು. ನಾನು ಎಂದಿನಂತೆ ಬಂಗುಡೆಯ ಕಿವಿರು ಎತ್ತಿ ನೋಡಿ, ನಿನ್ನೆಯ ಮೀನಿನ ಕಣ್ಣು ಸ್ವಲ್ಪ ಮಂಜಾಗಿತ್ತು ಎಂದು ಮೆಲ್ಲಗೆ ಹೇಳಿದೆ. ಅವರು ಎಂದಿನಂತೆ ಕೇಳಿಸದವರ ಹಾಗೆ ನನ್ನ ಕಾಗದದ ಕಡೆ ಕತ್ತು ಚಾಚಿದರು.

"ಎಂತದಮ್ಮ, ಪರೀಕ್ಷೆ ಉಂಟಾ ನಿಮಗೆ?"

ನಾನು ಹೆಮ್ಮೆಯಿಂದ ಎಲ್ಲ ವಿವರಿಸಿದೆ. ಗಿರಿಜಕ್ಕ ಕೈ ಒರೆಸಿಕೊಂಡು, ಸುತ್ತು ಹಾಕಿದ ಹೆಸರನ್ನು ನೋಡಿದರು.

"ಇವರಿಗೆ ಎಂತದಕ್ಕೆ ಇಷ್ಟು ಮಾರ್ಕು ಕೊಟ್ಟದ್ದು?"

ಉತ್ತರ ಹುಡುಕಲು ಪ್ರಿಂಟು ಹಾಕಿಸದ ಹಿಂದಿನ ಪುಟವನ್ನು ಮೊಬೈಲಿನಲ್ಲಿ ತೆಗೆದೆ. ತಲೆಬರಹ ಅಲ್ಲಿತ್ತು. ಪ್ರತಿ ಹತ್ತು ಸಾವಿರ ಗಿರಾಕಿಗಳಲ್ಲಿ ದೂರು ಕೊಟ್ಟವರು ಎಷ್ಟು ಎಂಬ ಪಟ್ಟಿ ಅದು. ನಾನು ನಕ್ಷತ್ರ ಕೊಟ್ಟದ್ದು ಇಡೀ ದೇಶದಲ್ಲಿ ಹೆಚ್ಚು ಬೈಗುಳ ತಿಂದ ಕಂಪೆನಿಗೆ.

ಗಿರಿಜಕ್ಕ ನಗಲಿಲ್ಲ. ಮಲ್ಪೆ ಬಂದರಿನಲ್ಲಿ ತಾನು ಮೀನು ಕೊಳ್ಳುವುದೂ ಹೀಗೆಯೇ ಎಂದರು. ಬೋಟಿನವರ ಮಾತು ಕೇಳಲಿಕ್ಕಿಲ್ಲ, ಯಾವ ಬೋಟಿನ ಮೀನು ಮಾರಿದ ಮರುದಿನ ಎಷ್ಟು ಬೈಗುಳ ಬಂತು ಎಂದು ನೆನಪಿಟ್ಟರೆ ಸಾಕಂತೆ.

"ಹತ್ತು ಮನೆಯಲ್ಲಿ ಐದು ಮನೆಯವರು ಬೈದರೆ ಅದು ಬೋಟಿನ ದೋಷ. ಒಬ್ಬರೇ ಬೈದರೆ ಅದು ಬೈಯುವವರ ಬಾಯಿ."

ಪಾಪ, ಆ ಒಬ್ಬರು ಯಾರು ಎಂದು ಕೇಳಿದೆ.

"ನೀವೇ ಅಲ್ವಾ," ಎಂದರು ಗಿರಿಜಕ್ಕ, ಬುಟ್ಟಿ ಹೊರಲು ತಲೆಯ ಮೇಲಿನ ಸಿಂಬೆ ಸರಿಮಾಡಿಕೊಳ್ಳುತ್ತಾ. "ಬೇಜಾರು ಮಾಡಬೇಡಿ. ಬೀದಿಗೆಲ್ಲ ಗೊತ್ತುಂಟು."

ಜೀವಮಾನದಲ್ಲಿ ನನಗೆ ಸಿಕ್ಕಿದ ಮೊದಲ ಫಸ್ಟ್ ರ‍್ಯಾಂಕ್ ಅದು. ನಾನೋ ನನ್ನನ್ನು ಮೃದುಭಾಷಿ ಎಂದುಕೊಂಡಿದ್ದೆ.

ನಾಲ್ಕಕ್ಕೆ ಬರಬೇಕಿದ್ದ ಏಜೆಂಟನಿಗೆ ಬರಬೇಡಿ ಎಂದು ಫೋನು ಮಾಡಿದೆ. ಮರುದಿನ ಪಟ್ಟಿಯಲ್ಲಿ ಅತಿ ಕಡಿಮೆ ದೂರು ಇದ್ದ ಕಂಪೆನಿಯ ಏಜೆಂಟನ್ನು ಕರೆಸಿ, ಯಜಮಾನರ ಬಿಪಿ, ಮಂಡಿಯ ಟಕ್ ಟಕ್ ಎಲ್ಲ ಬರೆಸಿ ಸಹಿ ಹಾಕಿಸಿದೆ. ಎದೆ ಹಗುರವಾಯಿತು. ಜೊತೆಗೆ ನಾನೂ ಸುಧಾರಿಸಬೇಕು ಎಂದು ತೀರ್ಮಾನಿಸಿದೆ.

ಹಾಗಾಗಿ ಮುಂದಿನ ವಾರ ಬಂಗುಡೆಯ ಹೊಟ್ಟೆ ಬೆರಳಿಗೆ ಬೆಣ್ಣೆಯಂತೆ ಸಿಕ್ಕಿದಾಗಲೂ ನಾನು ನಕ್ಕು, ಭಾರಿ ಒಳ್ಳೆಯದುಂಟು ಗಿರಿಜಕ್ಕ ಎಂದೆ. ಅವರು ಗಾಬರಿಯಿಂದ, ಮೈಗೆ ಹುಷಾರಿಲ್ವಾ ಎಂದು ಕೇಳಿದರು. ಹಳೆ ಮೀನಿನ ವಾಸನೆ ಅಡಗಲೆಂದು ಸಾರಿಗೆ ಹುಣಿಸೆಹಣ್ಣು ಎರಡು ಪಾಲು ಹಾಕಿದೆ. ಯಜಮಾನರು ಒಂದು ತುತ್ತು ತಿಂದು ನನ್ನ ಮುಖ ನೋಡಿದರು. ಇದು ಕಡಿಮೆ ದೂರಿನ ಮನೆ, ಸುಮ್ಮನೆ ತಿನ್ನಿ ಎಂದೆ. ತಿಂದರು, ಪಾಪ.

ಪಾತ್ರೆ ತೊಳೆಯುವಾಗ ಹೊಳೆಯಿತು. ಇವತ್ತಿನ ಆ ಮೆತ್ತಗಿನ ಮೀನಿನ ಬೋಟು ಗಿರಿಜಕ್ಕನ ನೆನಪಿನಲ್ಲಿ ಒಂದು ದೂರೂ ಇಲ್ಲದ ಉತ್ತಮ ಬೋಟಾಗಿ ಉಳಿಯುತ್ತದೆ. ಹಾಗಾದರೆ ನಾನು ಆರಿಸಿದ ಕಂಪೆನಿಯ ಅಂಕ ಅಷ್ಟು ಸಣ್ಣದಾಗಿದ್ದದ್ದು ಯಾಕೆ? ದೇಶದಲ್ಲಿ ಕಾನ್ವೆಂಟಿನಲ್ಲಿ ಕಲಿತ ಹೆಂಗಸರೆಲ್ಲ ಅದರಲ್ಲೇ ಸೇರಿಕೊಂಡು, ಹುಣಿಸೆಹಣ್ಣು ಹೆಚ್ಚು ಹಾಕಿ, ಭಾರಿ ಒಳ್ಳೆಯದುಂಟು ಎಂದು ನಗುತ್ತಾ ಕುಳಿತಿಲ್ಲವಷ್ಟೆ?