ಉಗುರಿನ ಗುರುತಿದ್ದ ಸೇಬು

"ನಿಜ ಹೇಳ್ರಿ, ತೊಳೆದೀರಾ?"

ನನ್ನ ಹೆಂಡತಿ ನನ್ನ ಹತ್ರ ಆಡಿದ ಕೊನೇ ಮಾತು ಇದು. ಕೇಳಿದ್ದು ಒಂದು ಸೇಬಿನ ಬಗ್ಗೆ. ಹಣ್ಣಿನ ಗಾಡಿಯವನ ಹೆಂಡತಿ, ಇನ್ನೇನು ಕೇಳ್ತಾಳೆ. ನ್ಯಾಮತಿಯಲ್ಲಿ ಆಸ್ಪತ್ರೆ ಗೇಟಿನ ಎದುರು ಇಪ್ಪತ್ತು ವರ್ಷದಿಂದ ಗಾಡಿ ನಿಲ್ಲಿಸ್ತೀನಿ. ನಗೋ ಅಂಥದ್ದು ದಿನಾ ಒಂದಾದ್ರೂ ಆಗ್ತದೆ. ಈಗ ಬರೆಯಾಕೆ ಕೂತ್ರೆ ಯಾವುದಕ್ಕೂ ನಗು ಬರವಲ್ದು. ಆದ್ರೂ ಬರೀತೀನಿ.

ತಲೆ ಎಣ್ಣೆ

ಹೊಳಪಿಲ್ಲದ ಸೇಬನ್ನ ಯಾರೂ ಮುಟ್ಟಲ್ಲ. ಹೆಗಲ ಮೇಲಿನ ಟವೆಲ್ಲಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಕೊಂಡು ಒಂದೊಂದೇ ಒರೆಸ್ತಿದ್ದೆ. ಮುಖದ ಬೆವರಿಗೂ ಅದೇ ಟವೆಲ್ಲು. ತಕ್ಕಡಿ ಧೂಳಿಗೂ ಅದೇ. ಒಮ್ಮೊಮ್ಮೆ ಮೂಗಿಗೂ. ನನ್ನ ಹೆಂಡತಿ ಅದನ್ನ ಕೈಯಿಂದ ಮುಟ್ತಿರಲಿಲ್ಲ. ಕೋಲಿನ ತುದಿಗೆ ಸಿಗಿಸ್ಕೊಂಡು ಬಚ್ಚಲಿಗೆ ಒಯ್ಯುತ್ತಿದ್ದಳು, ಸತ್ತ ಹಾವು ಒಯ್ದಂಗೆ.

ಒಂದು ದಿನ ಎಣ್ಣೆ ಬಾಟ್ಲಿ ತಲೆಕೆಳಗು ಹಿಡ್ಕೊಂಡು ನಿಂತ್ಲು.

"ಮೊನ್ನೆ ತಂದ ಎಣ್ಣೆ ರೀ ಇದು. ಎಲ್ಲಿ ಹೋತು?"

"ವ್ಯಾಪಾರಕ್ಕೆ ಬೇಕಾತು."

"ಹಂಗೇ ನಿಮ್ಮ ಸೇಬಿಗೆ ತಲೆ ಬಾಚಿ ಹೂವನ್ನೂ ಮುಡಿಸ್ರಿ. ನಂದು ಹೆಂಗೂ ಕೆದರಿದ ತಲೆ."

ತಿನ್ನೋದು, ಮಾರೋದು

ಜಗಳೂರು ಕಡೆ ರೈತರೊಬ್ಬರು ಗೂಡ್ಸ್ ಗಾಡೀಲಿ ದಾಳಿಂಬೆ ತರ್ತಾರೆ. ಒಂದು ಸಲ ಕ್ರೇಟಿನಿಂದ ಒಂದು ಹಣ್ಣು ತೆಗೆದು ಒಡೆದೆ. ಬಾಯಿಗೆ ಹಾಕ್ಕೋಬೇಕು, ಪಟ್ ಅಂತ ಕೈಗೆ ಹೊಡೆದ್ರು.

"ಅದನ್ನ ಯಾಕೆ ತಿಂತೀಯೋ ಮಾರಾಯ! ಮೊನ್ನೆ ತಾನೆ ಔಷಧಿ ಹೊಡೆದೀನಿ."

ಸೀಟಿನ ಹಿಂದಿನಿಂದ ಬೇರೆ ಚೀಲ ತೆಗೆದ್ರು. ಸಣ್ಣ ಹಣ್ಣು, ಸಿಪ್ಪೆ ತುಂಬ ಕಲೆ.

"ತಿನ್ನಾಕೆ ಇವು. ಮನೆಗೆ ಅಂತ ನಾಲ್ಕು ಗಿಡ ಬ್ಯಾರೆ ಬಿಟ್ಟೀನಿ. ಔಷಧಿ ಮುಟ್ಟಿಸಿಲ್ಲ."

"ಮತ್ತೆ ಈ ಹತ್ತು ಕ್ರೇಟು?"

"ಅವು ಜನಕ್ಕೆ."

ನಾನು ಕಲೆ ಹಣ್ಣು ಎರಡು ತಿಂದೆ. ಹತ್ತೂ ಕ್ರೇಟು ಇಳಿಸ್ಕೊಂಡೆ. ಸಂಜೆ ಒಳಗೆ ಖಾಲಿ ಮಾಡಿದೆ, ಜನಕ್ಕೆ.

ಮೇಷ್ಟ್ರ ಪರೀಕ್ಷೆ

ಬಸವಾಪಟ್ಟಣದ ಮೇಷ್ಟ್ರೊಬ್ಬರು ಬಂದ್ರು. ಸೇಬಿಗೆ ಮೇಣ ಹಚ್ಚಿರ್ತಾರೆ, ಉಗುರಿನಿಂದ ಗೀರಿದ್ರೆ ಗೊತ್ತಾಗ್ತದೆ ಅಂತ ಮೊಬೈಲಿನಲ್ಲಿ ನೋಡಿದ್ರಂತೆ. ಹೆಬ್ಬೆರಳ ಉಗುರು ಬೇರೆ ಬೆಳೆಸಿದ್ರು. ಒಂದೊಂದೇ ಎತ್ತಿ ಗೀರ್ತಾ ಹೋದ್ರು. ಹನ್ನೊಂದು ಸೇಬು ಗೀರಿದ್ರು.

"ನೋಡು ಬಾ ಇಲ್ಲಿ! ಎಲ್ಲಾ ಮೇಣ. ವಿಷ ಮಾರ್ತೀಯಲ್ಲೋ!"

"ಹಂಗಾದ್ರೆ ಬ್ಯಾಡ್ವಾ ಸಾರ್?"

"ಬ್ಯಾಡ ಅಂದ್ರೆ ಹೆಂಗೆ, ಮನೆಗೆ ನೆಂಟರು ಬಂದಾರೆ. ಒಂದು ಕೇಜಿ ಹಾಕು."

ಗೀರಿದ್ದನ್ನೇ ತಕ್ಕಡಿಗೆ ಹಾಕಿದೆ. ಕಣ್ಣು ಕೆಂಪಗೆ ಮಾಡಿದ್ರು.

"ಏಯ್, ಯಾರೋ ಗೀರಿಟ್ಟಿದ್ದು ನನಗೆ ಕೊಡ್ತೀಯಾ? ಒಳ್ಳೇವು ಹಾಕೋ!"

ಗೇಟಿನ ಒಳಗೆ, ಹೊರಗೆ

ಆ ಹನ್ನೊಂದರಲ್ಲಿ ಒಂದು ದೊಡ್ಡ ಸೇಬು. ತೊಟ್ಟಿನ ಹತ್ರ ಮೇಷ್ಟ್ರ ಉಗುರು ಆಳಕ್ಕೆ ಇಳಿದು ಅರ್ಧ ಚಂದ್ರ ಮೂಡಿತ್ತು. ಗುರುತು ಕೆಳಗೆ ಮಾಡಿ ಇಟ್ಟೆ. ಸವಳಂಗದವರು ಯಾರೋ ರೋಗಿಗೆ ಅಂತ ಒಯ್ದರು.

ನಮ್ಮ ಕಡೆ ಬರಿಗೈಲಿ ಆಸ್ಪತ್ರೆಗೆ ಹೋಗಂಗಿಲ್ಲ. ರೋಗಿಗೆ ಗಂಜಿ ಇಳೀತಿರಲ್ಲ, ಮಂಚದ ಕೆಳಗೆ ಮೂರು ಚೀಲ ಹಣ್ಣು. ಸಂಜೆ ಮನೆಯವರು ಆ ಚೀಲ ತಂದು ನನಗೇ ಅರ್ಧ ಬೆಲೆಗೆ ಕೊಡ್ತಾರೆ. ಟವೆಲ್ಲಿನಿಂದ ಒರೆಸಿ ಮತ್ತೆ ಗಾಡಿ ಮೇಲೆ ಇಡ್ತೀನಿ.

ಆ ಸೇಬು ನಾಲ್ಕು ಸಲ ಒಳಗೆ ಹೋತು, ನಾಲ್ಕು ಸಲ ಹೊರಗೆ ಬಂತು. ಜ್ವರದವರ ಹತ್ರ ಇತ್ತು, ಕಾಮಾಲೆಯವರ ಹತ್ರ ಇತ್ತು, ಬಾಣಂತಿ ಹತ್ರ ಇತ್ತು. ಬಾಡಲಿಲ್ಲ.

ಮನೇಲಿ ಹೆಂಡತಿಗೆ ಹೇಳ್ಕೊಂಡು ನಕ್ಕೆ. ಆಕೆ ನಗಲಿಲ್ಲ.

"ಅದನ್ನ ಹಸುವಿಗೆ ಹಾಕ್ರಿ" ಅಂದ್ಲು. ಮತ್ತೆ ತಾನೇ, "ಬ್ಯಾಡ. ಹಸು ಏನು ಪಾಪ ಮಾಡೈತೆ" ಅಂದ್ಲು.

ನಾನು ಹಾಕಲಿಲ್ಲ. ಮಾರಾಕೆ ಇಟ್ಟೆ.

ಐದನೇ ಸಲ

ಆಕೆಗೆ ಎದೆನೋವು ಬಂತು. ಅದೇ ಆಸ್ಪತ್ರೆ. ಗೇಟಿನ ಹೊರಗೆ ನನ್ನ ಗಾಡಿ, ಒಳಗೆ ಆಕೆ. ಗಾಡೀನ ಪಕ್ಕದ ಎಳನೀರಿನವನಿಗೆ ಒಪ್ಪಿಸಿ ನಾನು ಒಳಗೆ ಕೂತೆ.

ಮೂರನೇ ದಿನ ಹೊನ್ನಾಳಿಯಿಂದ ಆಕೆ ಅಕ್ಕ ಬಂದ್ಲು. ಕೈಯಲ್ಲಿ ಹಣ್ಣಿನ ಚೀಲ.

"ನಿನ್ನ ಗಂಡನ ಗಾಡೀದೇ ಕಣೇ. ಒಂದೊಂದೇ ಆರಿಸಿ ತಂದೀನಿ" ಅಂದ್ಲು.

ಚೀಲ ಬಿಚ್ಚಿದೆ. ಮೇಲೇ ಇತ್ತು, ಅರ್ಧ ಚಂದ್ರ. ಒಳಗೆ ತಳ್ಳಿದೆ. ಆಕೆ ನೋಡಿಬಿಟ್ಟಿದ್ಲು. ಮೂರು ದಿನದಿಂದ ಏನೂ ತಿಂದವಳಲ್ಲ.

"ಅದೇ ಕೊಡ್ರಿ. ಕೆಂಪಗೈತೆ. ತೊಳ್ಕೊಂಡು ಬರ್ರಿ."

ನಲ್ಲಿ ವರಾಂಡದ ಕೊನೆಗೆ. ಇಪ್ಪತ್ತು ಹೆಜ್ಜೆ. ಬಾಗಿಲ ತನಕ ಹೋದೆ. ನಲ್ಲಿ ಮುಂದೆ ನಾಲ್ಕು ಜನ ನಿಂತಿದ್ರು. ಟವೆಲ್ಲಿನಿಂದ ಒರೆಸ್ಕೊಂಡು ಬಂದೆ. ಗುರುತಿನ ಮೇಲೆ ಹೆಬ್ಬೆರಳು ಇಟ್ಟು ಹೋಳು ಮಾಡಿದೆ.

"ನಿಜ ಹೇಳ್ರಿ, ತೊಳೆದೀರಾ?"

"ತೊಳೆದೀನಿ."

ಆಕೆ ನನ್ನ ಕೈ ನೋಡಿದ್ಲು. ಒಣಗಿತ್ತು. ಟವೆಲ್ ನೋಡಿದ್ಲು. ನಕ್ಕಳು. ಆ ಹೋಳು ತಗೊಂಡು ತಿಂದ್ಲು.

ಹೊತ್ತು ಮುಳುಗೋ ಮುಂಚೆ ಹೋದ್ಲು. ಹಾರ್ಟು ಅಂದ್ರು ಡಾಕ್ಟ್ರು. ಹಣ್ಣಿನ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆಕೆಯನ್ನ ಮನೆ ಮುಂದೆ ಮಲಗಿಸಿದ್ರು. ಆಕೆ ತಮ್ಮ ಚನ್ನಗಿರಿಯಿಂದ ಬರೋದಿತ್ತು, ಎಲ್ಲರೂ ಕಾಯ್ತಿದ್ರು. ನಾನು ಆಕೆ ಬಟ್ಟೆ ಒಗೆಯೋ ಟಬ್ಬಿಗೆ ಬಿಸಿನೀರು ಹುಯ್ದು ಉಪ್ಪು ಹಾಕಿದೆ. ಗಾಡಿ ಮೇಲಿನ ಹಣ್ಣೆಲ್ಲಾ ತಂದು ತೊಳೆಯಾಕೆ ಕೂತೆ.

"ಇವತ್ತೂ ವ್ಯಾಪಾರವೇನೋ?" ಅಂದ್ರು ಯಾರೋ. ನಾನು ಉಜ್ಜಿದೆ. ಮೇಣ ಬಿಟ್ತು, ಎಣ್ಣೆ ಬಿಟ್ತು. ಸೇಬೆಲ್ಲಾ ಮಂಕಾದವು.

ಹೆಣ ನೋಡಾಕೆ ಬಂದಿದ್ದ ಪಕ್ಕದ ಬೀದಿ ಅಜ್ಜಿ ಅಳೋದು ನಿಲ್ಲಿಸಿ ಒಂದು ಸೇಬು ಎತ್ತಿದ್ಲು. ಅತ್ತ ಇತ್ತ ತಿರುವಿದ್ಲು.

"ಹೊಳಪೇ ಇಲ್ಲವಲ್ಲೋ. ಹಳೇ ಹಣ್ಣಾ?"

"ಹೂಂ ಅಜ್ಜಿ."

ಅಜ್ಜಿ ಅದನ್ನ ವಾಪಸ್ ಇಟ್ಟಳು. ನಾನು ಎತ್ಕೊಂಡೆ. ಇನ್ನೊಂದು ಸಲ ತೊಳೆದೆ. ಒರೆಸಲಿಲ್ಲ. ನೀರು ಸೋರ್ತಿರೋ ಹಂಗೇ ಒಯ್ದು ಹೆಂಡತಿ ಕೈಯಲ್ಲಿಟ್ಟೆ.